ಹೊರಟಳು ಅನ್ನುವುದಕ್ಕೆ ಒಂದು ಸಾಮಾನು

ಬೀಳ್ಕೊಡುಗೆ ಅಂದರೆ ಉಳಿಯುವವರು ಮಾಡಬೇಕಾದ ಕೆಲಸ. ಹೋಗುವವರು ಮುಂದಿನ ಸಾಲಿನಲ್ಲಿ ಕೂತು, ಹೂಗುಚ್ಛ ಇಸಿದುಕೊಂಡು, ಒಂದೆರಡು ಸಲ ಕಣ್ಣೊರೆಸಿಕೊಂಡರೆ ಮುಗಿಯಿತು. ಡಬ್ಬಿ ಟೀಚರಿನ ಹಣೆಬರಹ ಅಷ್ಟು ಸಲೀಸಾಗಿರಲಿಲ್ಲ. ತನ್ನ ಬೀಳ್ಕೊಡುಗೆಯ ನಾಟಕವನ್ನು ತಾನೇ ಕಟ್ಟಿ, ತಾನೇ ಸಾಮಾನು ಹೊಂದಿಸಿ, ತಾನೇ ಆಡಿಸಬೇಕಾಗಿ ಬಂತು.

"ಎಲ್ಲಾ ತರಗತಿಯವರೂ ಏನೋ ಒಂದು ಮಾಡ್ತಿದ್ದಾರೆ. ನಿಮ್ಮ ಕೊಠಡಿ ಮಕ್ಕಳು ಮಾತ್ರ ಸುಮ್ನೆ ಕೂತಿದ್ರೆ ಚೆನ್ನಾಗಿರುತ್ತಾ?" ಅಂದಿದ್ದರು ಹೆಡ್ ಮೇಡಂ. "ಯಾವ ಸಮಾರಂಭ ಆದ್ರೂ ಎಲ್ಲರನ್ನೂ ಸೇರಿಸ್ಕೋಬೇಕು ಅಂತ ಇಷ್ಟು ವರ್ಷ ನನ್ನ ತಲೆ ತಿಂದಿದ್ದು ನೀವೇ ತಾನೇ?"

ಅಲ್ಲ ಅನ್ನಲು ಬಾಯಿಲ್ಲ. ತಾನು ತೋಡಿದ ಗುಂಡಿಗೆ ತಾನೇ ಬಿದ್ದಂತಾಯಿತು. ಆಗಲಿ ಮೇಡಂ ಅಂದು ಸೊಂಟ ಹಿಡಿದುಕೊಂಡು ತನ್ನ ಕೊಠಡಿಗೆ ಬಂದಳು.

ಕೊಠಡಿ ಇದ್ದದ್ದು ಕಟ್ಟಡದ ಕೊಟ್ಟಕೊನೆಗೆ, ಶೌಚಾಲಯದ ಪಕ್ಕಕ್ಕೆ. ಗಾಲಿಕುರ್ಚಿ ಹೋಗಲು ಅನುಕೂಲ ಅಂತ ನೆಪ. ಗೋಡೆಯುದ್ದಕ್ಕೂ ಡಬ್ಬಿಗಳು, ಅದಕ್ಕೇ ಶಾಲೆಯ ಹುಡುಗರು ಇಟ್ಟ ಹೆಸರು ಡಬ್ಬಿ ಟೀಚರ್. ಆ ಕೊಠಡಿಯ ಮಕ್ಕಳಲ್ಲಿ ಕೆಲವರಿಗೆ ಕಣ್ಣು ಕಾಣದು, ಕೆಲವರಿಗೆ ಕಿವಿ ಕೇಳದು, ಕೆಲವರಿಗೆ ಎರಡೂ ಇದ್ದು ಏನೂ ದಕ್ಕದು. ಅಲ್ಲಿ ಕಥೆಯನ್ನು ಬರೀ ಬಾಯಲ್ಲಿ ಹೇಳಿದರೆ ಗಾಳಿಗೆ ಹೇಳಿದಂತೆ. ಕಥೆಯನ್ನು ಕೈಗೆ ಕೊಡಬೇಕು. ಒಂದೊಂದು ಮಾತಿಗೆ ಒಂದೊಂದು ಸಾಮಾನು. ಕ್ರೀಡಾದಿನದ ಕಥೆಗೆ ಒದ್ದೆ ಹುಲ್ಲು, ಮುಖಕ್ಕೆ ಫ್ಯಾನಿನ ಗಾಳಿ. ಹುಟ್ಟುಹಬ್ಬಕ್ಕೆ ಬಲೂನು, ಆರಿಸಿದ ಮೇಣದಬತ್ತಿಯ ವಾಸನೆ. ದಿನಾ ಅದೇ ಮಾತು, ಅದೇ ಸಾಮಾನು, ಅದೇ ಸರದಿ. ಒಂದು ಅಕ್ಷರ ಹೆಚ್ಚುಕಮ್ಮಿ ಆಗುವ ಹಾಗಿಲ್ಲ. ಹೀಗೆ ವಾರಗಟ್ಟಲೆ ಹೇಳಿದ ಮೇಲೆ ಒಂದು ದಿನ ಒಂದು ಮಗುವಿನ ಬೆರಳು, ಬರಲಿರುವ ಸಾಮಾನಿಗಾಗಿ ಮುಂಚೆಯೇ ಚಾಚಿಕೊಳ್ಳುತ್ತದೆ. ಆ ಬೆರಳಿಗಾಗಿ ಇಷ್ಟೆಲ್ಲ ಪಾಡು.

ಅವಳಿಗೆ ಸಾಕಾಗಿತ್ತು. ಸುಳ್ಳು ಯಾಕೆ ಹೇಳಬೇಕು, ಬೆಳಿಗ್ಗೆ ಬಸ್ಸು ದೂರದಲ್ಲಿ ಕಂಡಾಗ ಇವತ್ತೊಂದು ದಿನ ಇದು ನಿಲ್ಲದೆ ಹೋಗಬಾರದೇ ಅನ್ನಿಸುತ್ತಿತ್ತು. ಮಕ್ಕಳು ಬೆಳೆದು ಭಾರವಾಗಿದ್ದರು, ಅವಳ ಬೆನ್ನು ಮಾತ್ರ ಹಳೆಯದೇ. "ಇನ್ನೊಂದು ಮಗುವನ್ನ ಎತ್ತಿದ್ರೆ, ನಿಮ್ಮನ್ನ ಎತ್ತೋಕೆ ಜನ ಕರೀಬೇಕಾಗುತ್ತೆ," ಅಂದಿದ್ದರು ಡಾಕ್ಟರು. ಇಲಾಖೆಯ ಕಚೇರಿಯಲ್ಲಿ ಮೇಜಿನ ಮುಂದೆ ಕೂರುವ ಕೆಲಸ ಸಿಕ್ಕಿತು. ಗಂಡ ಅಂತೂ ರಾತ್ರಿ ಬೆನ್ನಿಗೆ ಮುಲಾಮು ತಿಕ್ಕುವ ನೌಕರಿಯಿಂದ ತನಗೂ ನಿವೃತ್ತಿ ಅಂತ ಕುಣಿದಾಡಿದ.

ಎಲ್ಲ ಸರಿ. ದೊರೆಸಾನಿಗೆ ಹೇಳುವುದು ಹೇಗೆ?

ದೊರೆಸಾನಿ ಅನ್ನುವುದು ಕೊಠಡಿಯ ಆಯಮ್ಮ ಇಟ್ಟ ಹೆಸರು. ಕಣ್ಣೂ ಇಲ್ಲ, ಕಿವಿಯೂ ಇಲ್ಲ, ಗಾಲಿಕುರ್ಚಿಯಲ್ಲಿ ಮಾತ್ರ ಊರೆಲ್ಲ ತನ್ನದೇ ಅನ್ನುವ ಗತ್ತಿನಲ್ಲಿ ಕೂರುತ್ತಿದ್ದ ಹುಡುಗಿ. ಅವಳ ಪಾಲಿಗೆ ಮನುಷ್ಯರೆಂದರೆ ಗುರುತುಗಳು. ಆಯಮ್ಮ ಅಂದರೆ ಸೊಂಟಕ್ಕೆ ಸಿಕ್ಕಿಸಿದ ಟವೆಲಿನ ತುದಿ. ಹೆಡ್ ಮೇಡಂ ಅಂದರೆ ಕೈಗಡಿಯಾರದ ತಣ್ಣನೆಯ ಸರಪಳಿ. ಟೀಚರ್ ಅಂದರೆ ಎಡ ಮಣಿಕಟ್ಟಿನಲ್ಲಿ ಉಣ್ಣೆಯ ಪಟ್ಟಿ, ಅದರ ಮೇಲೊಂದು ದೊಡ್ಡ ಕೋಟಿನ ಗುಂಡಿ. ಯಾರೇ ಹತ್ತಿರ ಬಂದರೂ ಮೊದಲು ಅವಳ ಕೈಗೆ ತಮ್ಮ ಗುರುತು ಕೊಡಬೇಕು. ಕೊಡದಿದ್ದರೆ ದೊರೆಸಾನಿ ಅಂಗೈ ಚಾಚಿ ಬೆರಳಾಡಿಸುತ್ತಿದ್ದಳು. ಯಾರು? ಅಂತ ಅದರ ಅರ್ಥ. ಲೋಕವನ್ನು ಅವಳು ಕೇಳುತ್ತಿದ್ದದ್ದು ಅದೊಂದೇ ಪ್ರಶ್ನೆ. ಅದನ್ನು ಕಲಿಸುವಷ್ಟರಲ್ಲಿ ಟೀಚರಿನ ತಲೆಯಲ್ಲಿ ನರೆ ಇಣುಕಿತ್ತು.

ಹಿಂದೆ ವ್ಯಾಯಾಮ ಮಾಡಿಸಲು ಒಬ್ಬ ಸರ್ ಬರುತ್ತಿದ್ದರು. ಅವರ ಗುರುತು ಒಂದು ಚರ್ಮದ ತುಂಡು. ಸರ್ ಒಂದು ದಿನ ಬೇರೆ ಕೆಲಸ ಸಿಕ್ಕಿತೆಂದು ಹೇಳದೆ ಕೇಳದೆ ಹೊರಟುಹೋದರು. ದೊರೆಸಾನಿ ದಿನಾ ಕಪಾಟಿನಿಂದ ಆ ಚರ್ಮದ ತುಂಡು ಹುಡುಕಿಸಿಕೊಂಡು, ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಕಡೆ ಮುಖ ಮಾಡಿ ಕಾಯುತ್ತಿದ್ದಳು. ಊಟ ಬಿಟ್ಟಳು. ಕೈ ಕಚ್ಚಿಕೊಂಡಳು. ಆತ ಬರುವುದಿಲ್ಲ ಅಂತ ಅವಳಿಗೆ ತಿಳಿಸುವ ದಾರಿ ಯಾರಿಗೂ ಹೊಳೆಯಲಿಲ್ಲ. ತಾನು ಹಾಗೆ ಮಾಡಬಾರದು, ಹೇಳಿಯೇ ಹೋಗಬೇಕು ಅಂತ ಟೀಚರ್ ಅವತ್ತೇ ನಿಶ್ಚಯಿಸಿದ್ದಳು.

ನಾಟಕ ಐದಾರು ಮಾತಿನದು. 'ಟೀಚರ್ ಬಂದಳು' ಅಂದರೆ ಉಣ್ಣೆಯ ಪಟ್ಟಿ. 'ನೀರಾಟ ಆಡಿದೆವು' ಅಂದರೆ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು. 'ಹಿಟ್ಟು ನಾದಿದೆವು', 'ಬಿಸಿಲಿಗೆ ಕೂತೆವು', ಇವೆಲ್ಲ ಸಲೀಸು. ಕೊನೆಯ ಮಾತಿಗೆ ಬಂದು ಗಾಡಿ ನಿಂತಿತು. 'ಟೀಚರ್ ಹೊರಟಳು.' ಹೊರಟಳು ಅನ್ನುವುದನ್ನು ಕೈಗೆ ಕೊಡುವುದು ಹೇಗೆ?

"ನಿಮ್ಮ ಕೈಚೀಲ ಕೊಡಿ," ಅಂದಳು ಆಯಮ್ಮ, ಎಂಜಲು ಬಟ್ಟೆ ಹಿಂಡುತ್ತಾ.

"ಕೈಚೀಲ ದಿನಾ ಸಾಯಂಕಾಲ ಹೋಗುತ್ತೆ, ಬೆಳಿಗ್ಗೆ ಬರುತ್ತೆ ಆಯಮ್ಮ. ನಾಳೆ ಬರ್ತೀನಿ ಅಂತ ಅಂದ್ಕೊಳ್ತಾಳೆ."

"ಚಪ್ಪಲಿ?"

"ಅದೂ ಅಷ್ಟೇ."

"ಮುಗೀತು ಡಬ್ಬಿಗೆ ಹಾಕ್ಸಿ ಮತ್ತೆ."

ಮುಗೀತು ಡಬ್ಬಿ ಅಂದರೆ ಬಾಗಿಲ ಬಳಿಯ ಮುಚ್ಚಳದ ಡಬ್ಬಿ. ಆಟ ಮುಗಿದರೆ ಸಾಮಾನನ್ನು ಮಗು ತನ್ನ ಕೈಯಾರೆ ಅದರೊಳಗೆ ಹಾಕಬೇಕು. ಆದರೆ ಮರುದಿನ ಅದೇ ಸಾಮಾನು ಅದೇ ಡಬ್ಬಿಯಿಂದ ಎದ್ದು ಬರುತ್ತದಲ್ಲ. ಟೀಚರ್ ಅಡ್ಡಡ್ಡ ತಲೆಯಾಡಿಸಿದಳು.

ಆಯಮ್ಮ ಬಟ್ಟೆ ಒಣಹಾಕಿ ಬಂದಳು. ಆಮೇಲೆ ಗಂಟಲು ಸರಿಮಾಡಿಕೊಂಡಳು. "ಬೇಜಾರು ಮಾಡ್ಕೋಬೇಡಿ ಟೀಚರಮ್ಮ. ಇದಕ್ಕೆ ವಾಪಸ್ ಬರಲ್ಲ ಅಂತ ಗೊತ್ತಿರೋದು ಒಂದೇ ಜಾಗ. ಒಡೆದ ಬಲೂನು, ಸವೆದ ಸೋಪು ಎಲ್ಲಿಗೆ ಹಾಕುತ್ತೆ? ಕಸದ ಬುಟ್ಟಿಗೆ. ಹಾಕಿದ್ಮೇಲೆ ಅದನ್ನ ಮತ್ತೆ ಕೇಳಲ್ಲ ನೋಡಿ."

"ಅಂದ್ರೆ, ನನ್ನನ್ನ ಕಸದ ಬುಟ್ಟಿಗೆ ಹಾಕಿಸ್ತೀಯಾ?"

"ನಿಮ್ಮನ್ನಲ್ಲಪ್ಪ, ಪಟ್ಟಿನ."

"ಅವಳಿಗೆ ಪಟ್ಟಿನೇ ನಾನು ಕಣೇ."

ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ಟೀಚರಿನ ಬೆನ್ನು ಚಳಕ್ ಅಂದಿತು. ಆಯಮ್ಮನ ಮಾತು ಸರಿಯಾಗಿತ್ತು, ಬೇರೆ ದಾರಿಯೇ ಇರಲಿಲ್ಲ.

ಹೆಡ್ ಮೇಡಂಗೆ ವಿಷಯ ಮುಟ್ಟಿದ್ದೇ ತಡ, ಕೈಲಿದ್ದ ಚಹಾದ ಲೋಟ ಮೇಜಿನ ಮೇಲೆ ಕುಕ್ಕಿದರು.

"ತಲೆ ಕೆಟ್ಟಿದೆಯೇನ್ರೀ ನಿಮಗೆ? ಅತಿಥಿಗಳು, ಅಪ್ಪ ಅಮ್ಮಂದಿರು ಎಲ್ಲಾ ಇರ್ತಾರೆ. ಬೀಳ್ಕೊಡುಗೆ ದಿನ ಟೀಚರನ್ನ ವೇದಿಕೆ ಮೇಲೆ ಕಸದ ಬುಟ್ಟಿಗೆ ಹಾಕಿದ್ರು ಅಂತ ಊರೆಲ್ಲ ಆಡ್ಕೊಳ್ಳಲ್ವಾ?"

"ಮಗುವಿಗೆ ಅರ್ಥ ಆಗೋದು ಅದೊಂದೇ ಮೇಡಂ."

"ಅರ್ಥ ಆಗಿ ಅತ್ತು ರಂಪ ಮಾಡಿದ್ರೆ? ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಾಗೆ ಮಾಡೋಣ. ಆ ಪಟ್ಟಿನ ನೀವೇ ಹೊಸ ಟೀಚರ್ ಕೈಗೆ ಕಟ್ಟಿ. ನೋಡೋಕೂ ಚಂದ. ಮಗುವಿಗೂ ನೋವಿಲ್ಲ. ಅದರ ಪಾಲಿಗೆ ಟೀಚರ್ ಎಲ್ಲೂ ಹೋಗೇ ಇಲ್ಲ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅದು. ವರ್ಷಗಟ್ಟಲೆ ಒಂದೊಂದು ಗಾಲಿಕುರ್ಚಿಗೂ, ಬಟ್ಟೆ ಬದಲಿಸಲು ಬೇಕಾದ ಒಂದೊಂದು ಪರದೆಗೂ ಜಗಳ ಮಾಡಿದ್ದ ಟೀಚರಿನ ಬಳಿ ಜಗಳಕ್ಕೆ ಬೇಕಾದ ಉಸಿರು ಉಳಿದಿರಲಿಲ್ಲ. ಆಯ್ತು ಮೇಡಂ ಅಂದುಬಿಟ್ಟಳು.

ಹೊಸ ಟೀಚರ್ ಚಿಕ್ಕ ವಯಸ್ಸಿನವಳು, ಚುರುಕಿನವಳು. ಬಂದ ದಿನವೇ ತನ್ನದೊಂದು ಗುರುತು ತಂದಿದ್ದಳು, ದಾರಕ್ಕೆ ಪೋಣಿಸಿದ ನುಣುಪಾದ ಕಪ್ಪೆಚಿಪ್ಪು. ಈಗ ಅದನ್ನು ಜೇಬಿಗೆ ಹಾಕಿಕೊಂಡು, ಮುಖ ಸಣ್ಣದು ಮಾಡಿಕೊಂಡು ಮಣಿಕಟ್ಟು ಚಾಚಿದಳು. ಟೀಚರ್ ಪಟ್ಟಿ ಕಟ್ಟಿದಳು. ಅಭ್ಯಾಸಕ್ಕೆಂದು ದೊರೆಸಾನಿಯ ಮುಂದೆ ಕೂರಿಸಿದಳು.

ದೊರೆಸಾನಿಯ ಕೈ ಪಟ್ಟಿಯ ಮೇಲೆ ಹರಿದಾಡಿತು. ಗುಂಡಿ ಸಿಕ್ಕಿತು. ಗಂಟಲಲ್ಲಿ ಹ್ಞೂಂ ಅಂತ ಸಂತೋಷದ ಸದ್ದು ಮಾಡಿ, ಮುಂದೆ ಬಾಗಿ, ಹೊಸ ಟೀಚರಿನ ಹೆಗಲಿಗೆ ಹಣೆ ಆನಿಸಿದಳು. ದಿನಾ ಟೀಚರಿಗೆ ಆನಿಸುತ್ತಿದ್ದ ಹಾಗೆಯೇ.

"ನೋಡಿದ್ರಾ, ಗೊತ್ತೇ ಆಗ್ಲಿಲ್ಲ!" ಅಂದರು ಬಾಗಿಲಲ್ಲಿ ನಿಂತಿದ್ದ ಹೆಡ್ ಮೇಡಂ ಹಿಗ್ಗಿನಿಂದ.

ಟೀಚರ್ ಆ ಹೆಗಲನ್ನೇ ನೋಡುತ್ತಾ ನಿಂತಳು. ಎಷ್ಟು ಸಲ ಎತ್ತಿದ್ದಳು ಈ ಹುಡುಗಿಯನ್ನು, ಎಷ್ಟು ಸಲ ಒರೆಸಿದ್ದಳು, ಜ್ವರದ ದಿನಗಳಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಎಲ್ಲ ಒಂದು ಕೋಟಿನ ಗುಂಡಿಗೆ ಸಂದಾಯವಾಗಿ ಹೋಗಿತ್ತು.

"ನಾನು ಅಂದ್ರೆ ಇಷ್ಟೇನಾ ಆಯಮ್ಮ?" ಅಂದಳು ಸಾಯಂಕಾಲ, ಚಾಪೆ ಸುತ್ತುತ್ತಾ.

"ಅದು ನಿಮ್ಮನ್ನ ಮರೀಲಿಲ್ಲ ಟೀಚರಮ್ಮ. ಅದು ನೀವೇ ಅಂದ್ಕೊಂಡಿತು."

"ಅದೇ ತಾನೇ ಮೋಸ? ಮುಂದೆ ಒಂದು ದಿನ ಅವಳಿಗೆ ಗೊತ್ತಾಗುತ್ತೆ. ಎತ್ತೋ ಕೈ ಬೇರೆ, ಬೆವರಿನ ವಾಸನೆ ಬೇರೆ, ಗುಂಡಿ ಮಾತ್ರ ಅದೇ. ಆಮೇಲೆ ಯಾವ ಗುರುತನ್ನ ನಂಬ್ತಾಳೆ ಅವಳು?"

ಆಯಮ್ಮ ಚಾಪೆಯ ಇನ್ನೊಂದು ತುದಿ ಹಿಡಿದುಕೊಂಡಳು. ಟೀಚರ್ ಅಂದದ್ದೆಲ್ಲ ನಿಜವೇ. ಆದರೆ ಈ ಸಂಕಟ ಹುಡುಗಿಗೋಸ್ಕರವೋ, ಇಲ್ಲ ತನ್ನ ಜಾಗದಲ್ಲಿ ಇನ್ನೊಬ್ಬಳ ಹೆಗಲು ಕಂಡದ್ದಕ್ಕೋ ಅಂತ ಅವಳಿಗೇ ಬಿಡಿಸಿಕೊಳ್ಳಲಾಗಲಿಲ್ಲ. ಬಿಡಿಸಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಭಾಷಣಗಳಾದವು. ಅತಿಥಿಗಳೊಬ್ಬರು ಟೀಚರನ್ನು ಮೇಣದಬತ್ತಿಗೆ ಹೋಲಿಸಿದರು. ಕರಗಿದ್ದಂತೂ ಹೌದು ಅಂತ ಅವಳು ಮನಸ್ಸಿನಲ್ಲೇ ಅಂದುಕೊಂಡಳು. ದೊಡ್ಡ ಮಕ್ಕಳು ಹಾಡಿದರು. ಆಮೇಲೆ ಗಾಲಿಕುರ್ಚಿಗಳು ಒಂದೊಂದಾಗಿ ವೇದಿಕೆ ಏರಿದವು.

ಟೀಚರ್ ಮಂಡಿಯೂರಿ ಕೂತು ಕಥೆ ಶುರುಮಾಡಿದಳು. ನೀರು ಬಂತು, ಹಿಟ್ಟು ಬಂತು, ಬಿಸಿಲಿನ ಬದಲು ಮೇಜಿನ ದೀಪದ ಬಿಸಿ ಕೆನ್ನೆಗೆ ಬಂತು. ಹಿಂದಿನ ಸಾಲಿನವರಿಗೆ ಏನೂ ಕಾಣುತ್ತಿರಲಿಲ್ಲ, ಯಾರೋ ಆಕಳಿಸಿದರು. ದೊರೆಸಾನಿಯ ಬೆರಳು ಮಾತ್ರ ಪ್ರತಿ ಸಾಮಾನಿಗೂ ಮುಂಚೆಯೇ ಚಾಚಿಕೊಳ್ಳುತ್ತಿತ್ತು. ಎಂಥ ಚಂದದ ನಂಬಿಕೆ ಅದು, ಕೇಳಿದ್ದು ಬಂದೇ ಬರುತ್ತದೆ ಅನ್ನುವುದು.

"ಟೀಚರ್ ಹೊರಟಳು," ಅಂದಳು ಟೀಚರ್.

ಹೊಸ ಟೀಚರ್ ಪಕ್ಕಕ್ಕೆ ಬಂದು ಮಣಿಕಟ್ಟು ಚಾಚಿದಳು. ಟೀಚರ್ ತನ್ನ ಕೈಯ ಪಟ್ಟಿ ಬಿಚ್ಚಿದಳು. ದೊರೆಸಾನಿಯ ಮುಖ ನೋಡಿದಳು. ಪಟ್ಟಿಯನ್ನು ಕಟ್ಟಲು ಅವಳ ಕೈ ಏಳಲಿಲ್ಲ.

"ಆಯಮ್ಮ, ಬುಟ್ಟಿ ತಗೊಂಡು ಬಾ."

ಆಯಮ್ಮ ಅದನ್ನೇ ಕಾಯುತ್ತಿದ್ದವಳಂತೆ ಓಡಿದಳು. ವೇದಿಕೆಯ ಪಕ್ಕದ ಕೋಣೆಯಲ್ಲಿ ಮೊದಲೇ ತಂದಿಟ್ಟಿದ್ದ, ಕಾಲಲ್ಲಿ ತುಳಿದರೆ ಬಾಯಿ ತೆರೆಯುವ ತಮ್ಮ ಕೊಠಡಿಯ ಕಸದ ಬುಟ್ಟಿಯನ್ನು ಎಲ್ಲರ ಮುಂದೆ ದರದರ ಎಳೆದುಕೊಂಡು ಬಂದಳು. ಸಭೆಯಲ್ಲಿ ಗುಸುಗುಸು ಎದ್ದಿತು. ಹೆಡ್ ಮೇಡಂ ಅರ್ಧ ಎದ್ದು, ಅತಿಥಿಗಳ ಮುಖ ನೋಡಿ, ಮತ್ತೆ ಕೂತರು.

ಟೀಚರ್ ಪಟ್ಟಿಯನ್ನು ದೊರೆಸಾನಿಯ ಅಂಗೈಯಲ್ಲಿಟ್ಟಳು. ಆಯಮ್ಮ ತುಳಿದು ತೆರೆದ ಬುಟ್ಟಿಯ ಅಂಚಿಗೆ ಅವಳ ಇನ್ನೊಂದು ಕೈ ಮುಟ್ಟಿಸಿದಳು. ಹುಡುಗಿಗೆ ಬುಟ್ಟಿ ಯಾವುದೆಂದು ತಿಳಿಯಿತು. ಮುಷ್ಟಿ ಬಿಗಿಯಾಯಿತು. ತಲೆ ಅತ್ತಿತ್ತ ಆಡಿತು. ಟೀಚರ್ ಕಾದಳು, ಕೈ ಹಿಡಿದು ಹಾಕಿಸುವ ಹಾಗಿಲ್ಲ. ಅವಳೇ ಹಾಕಿದರೆ ಮಾತ್ರ ಹೇಳಿದಂತೆ. ದೊರೆಸಾನಿ ಪಟ್ಟಿಯನ್ನು ಕೆನ್ನೆಗೆ ಒತ್ತಿಕೊಂಡಳು, ಗುಂಡಿಯನ್ನು ತುಟಿಗೆ ತಾಕಿಸಿದಳು. ಮತ್ತೆ ಬುಟ್ಟಿಯ ಅಂಚು ಮುಟ್ಟಿ ನೋಡಿದಳು, ತಪ್ಪಿದ್ದರೆ ಸಾಕು ಅನ್ನುವ ಹಾಗೆ. ಬುಟ್ಟಿ ಅದೇ ಬುಟ್ಟಿ.

ಕೈ ತೆರೆಯಿತು. ಪಟ್ಟಿ ಬಿತ್ತು. ಆಯಮ್ಮ ಕಾಲು ತೆಗೆದಳು, ಮುಚ್ಚಳ ಢಬ್ ಅಂತು.

ದೊರೆಸಾನಿ ಅಳಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಕೈ ಚಾಚಿ, ಎದುರಿಗೆ ಇದ್ದ ತೋಳನ್ನು ಹಿಡಿದು ಮಣಿಕಟ್ಟಿನವರೆಗೆ ಇಳಿದಳು. ಬರೀ ಚರ್ಮ. ಪಟ್ಟಿ ಇರುತ್ತಿದ್ದ ಜಾಗವನ್ನು ಎರಡೆರಡು ಸಲ ಸವರಿದಳು. ಟೀಚರ್ ಹೆಗಲನ್ನು ಇನ್ನಷ್ಟು ಹತ್ತಿರ ತಂದಳು. ಒಂದೇ ಒಂದು ಸಲ, ಪಟ್ಟಿ ಇಲ್ಲದ ಈ ಹೆಗಲಿಗೆ ಹಣೆ ಆನಿಸಲಿ. ನಾನೇ ಅಂತ ಗೊತ್ತಾಗಲಿ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಮೇಣದಬತ್ತಿಯೂ ಬೇಡ, ಹೂಗುಚ್ಛವೂ ಬೇಡ.

ದೊರೆಸಾನಿ ಅವಳ ಕೈ ಬಿಟ್ಟಳು. ಸೆಟೆದು ಕೂತಳು. ಆಮೇಲೆ ಅಪರಿಚಿತರ ಮುಂದೆ ಚಾಚುವ ಹಾಗೆ, ಟೀಚರಿನ ಮುಂದೆ ಅಂಗೈ ಚಾಚಿ ಬೆರಳಾಡಿಸಿದಳು.

ಯಾರು?

ಬುಟ್ಟಿ ಮೊಣಕಾಲಿಗೆ ತಾಕುವಷ್ಟು ಹತ್ತಿರ ಇತ್ತು. ಒಮ್ಮೆ ತುಳಿದು, ಕೈ ಹಾಕಿ, ಪಟ್ಟಿ ತೆಗೆದು ಆ ಅಂಗೈಯಲ್ಲಿಟ್ಟರೆ ಎಲ್ಲ ಮೊದಲಿನ ಹಾಗೆ. ಟೀಚರಿನ ಕೈ ಅತ್ತ ಹೋಗಿ, ಅರ್ಧದಲ್ಲೇ ನಿಂತಿತು. ಅಂಗೈ ಇನ್ನೂ ಚಾಚಿಯೇ ಇತ್ತು, ಬೆರಳು ಕೇಳುತ್ತಲೇ ಇತ್ತು.

"ಯಾರೂ ಅಲ್ಲ ಕಣೇ ದೊರೆಸಾನಿ," ಅಂದಳು, ಕಿವಿ ಕೇಳದ ಹುಡುಗಿಗೆ, ತನಗಷ್ಟೇ ಕೇಳುವ ಹಾಗೆ. "ಯಾರೂ ಅಲ್ಲ."

ಗಾಲಿಕುರ್ಚಿಯ ಹಿಡಿ ಹಿಡಿದುಕೊಂಡು ಕಷ್ಟಪಟ್ಟು ಎದ್ದಳು. ಹೊಸ ಟೀಚರ್ ಜೇಬಿನಿಂದ ಕಪ್ಪೆಚಿಪ್ಪು ತೆಗೆದು ಹಿಡಿದುಕೊಂಡು ಅಳುತ್ತಾ ನಿಂತಿದ್ದಳು. ಟೀಚರ್ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟಳು.