ಸಪ್ಪಲಮ್ಮನ ಕುಂಟೆಯ ಎಮ್ಮೆಗಳು

ಬೆಂಗಳೂರಿನ ಅಂಚಿನ ಸಾರಕ್ಕಿಯ ಮುನಿಯಕ್ಕನಿಗೆ ಸಿಟ್ಟು ಬಂದರೆ ಊರಿನ ಗಂಡಸರೂ ಬೇರೆ ದಾರಿ ಹಿಡಿಯುತ್ತಿದ್ದರು. ಎಂಬತ್ತೊಂದನೇ ಇಸವಿಯ ಬೇಸಿಗೆಯ ಆ ಬೆಳಿಗ್ಗೆ ಅವಳ ಸಿಟ್ಟು ನೆತ್ತಿಗೇರಿತ್ತು. ಊರದೇವತೆ ಸಪ್ಪಲಮ್ಮನ ಹೆಸರಿನ ಕುಂಟೆಗೆ, ಊರಿನ ಆ ಸಣ್ಣ ಕೆರೆಗೆ, ಮಣ್ಣು ಸುರಿದು ಸೈಟು ಮಾಡಲು ಲಾರಿಗಳು ಬಂದು ನಿಂತಿದ್ದವು.

ಹೊಲಗಳು ಆಗಲೇ ಲೇಔಟಾಗಿದ್ದವು. ಅದಕ್ಕೆ ಅವಳು ಬೈದುಕೊಂಡೇ ಹೆಬ್ಬೆಟ್ಟು ಒತ್ತಿದ್ದಳು. ಕುಂಟೆಗೆ ಮಾತ್ರ ಯಾರೂ ಒತ್ತಿರಲಿಲ್ಲ. ಸೊಪ್ಪಿನ ಮಡಿಗಳಿಗೆ ನೀರು ಕೊಟ್ಟದ್ದು ಅದು, ಮದುವೆ ಮನೆಗಳ ಹಂಡೆ ತುಂಬಿಸಿದ್ದು ಅದು. ಈಗ ಜಯನಗರದವರ ಕಾಫಿಗೆ ಹಾಲು ಕೊಡುವ ಎಮ್ಮೆಗಳು ಬಿಸಿಲಿಗೆ ಮೈ ಮುಳುಗಿಸುವುದೂ ಅದರಲ್ಲೇ. ಕುಂಟೆ ಹೋದರೆ ಎಮ್ಮೆ ಹೋಯಿತು, ಎಮ್ಮೆ ಹೋದರೆ ಅವಳ ಒಲೆ ಆರಿತು.

ಅವಳು ಕೇರಿಯ ಎಮ್ಮೆಗಳನ್ನೆಲ್ಲ ಹೊಡೆದುಕೊಂಡು ಬಂದು ನೀರಿಗೆ ಬಿಟ್ಟಳು. ನೀರಿಗಿಳಿದ ಎಮ್ಮೆಯನ್ನು ಎಬ್ಬಿಸುವುದೆಂದರೆ ತಮಾಷೆಯೇ? ಡ್ರೈವರುಗಳು ಕೂಗಿದರು, ಹಾರನ್ ಹೊಡೆದರು, ಕಲ್ಲೆಸೆದರು. ಎಮ್ಮೆಗಳು ಕಿವಿ ಅಲ್ಲಾಡಿಸಿ ಸುಮ್ಮನಾದವು. ಮುನಿಯಕ್ಕ ದಡದಲ್ಲಿ ಕೂತು ಎಲೆಅಡಿಕೆ ಮೆಲ್ಲುತ್ತಿದ್ದಳು.

ಆದರೆ ಕಂಟ್ರಾಕ್ಟರನ ಮೇಸ್ತ್ರಿ ರಾಮಪ್ರಸಾದನೂ ಹಳ್ಳಿಯಲ್ಲೇ ಹುಟ್ಟಿದವನು. ಕೊಟ್ಟಿಗೆಗಳಿಂದ ಕರುಗಳನ್ನು ಹಿಡಿಸಿ ತಂದು ದಡದಲ್ಲಿ ಕಟ್ಟಿಸಿದ. ಹಸಿದ ಕರುಗಳು ಅರಚಿದ್ದೇ ತಡ, ಎಮ್ಮೆಗಳು ಒಂದೊಂದಾಗಿ ಎದ್ದು ದಡ ಹತ್ತಿದವು.

ಮಣ್ಣು ಸುರಿಯಲು ಮೊದಲ ಲಾರಿ ಹಿಂದಕ್ಕೆ ಬರುವಷ್ಟರಲ್ಲಿ ಮುನಿಯಕ್ಕ ಸೀರೆ ಎತ್ತಿಕಟ್ಟಿ ನೀರಿಗಿಳಿದು, ಎಮ್ಮೆಗಳಿದ್ದ ಜಾಗದಲ್ಲೇ ಕುತ್ತಿಗೆಮಟ್ಟ ಕೂತುಬಿಟ್ಟಳು.

“ಏಳಮ್ಮ ಮೇಲೆ! ಮಣ್ಣು ಬಿದ್ರೆ ನಾನಲ್ಲ ಜವಾಬ್ದಾರಿ!” ಎಂದು ರಾಮಪ್ರಸಾದ ಕಿರುಚಿದ.

“ಸುರಿ, ನೋಡೇಬಿಡಾನ!” ಎಂದಳು ಮುನಿಯಕ್ಕ.

ಅವನು ಅವಳ ಮಗ ಬೈರಣ್ಣನನ್ನು ಕರೆಸಿದ. ಬೈರಣ್ಣ ಅದೇ ಕಂಟ್ರಾಕ್ಟರನ ಹತ್ತಿರ ವಾಚ್‌ಮನ್ ಆಗಿ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ದಡದಲ್ಲಿ ನಿಂತು ಅಳುದನಿಯಲ್ಲಿ ಕರೆದ: “ಅವ್ವಾ, ಎದ್ ಬಾರವ್ವಾ. ನನ್ ಕೆಲ್ಸ ಹೋಗ್ತದೆ.”

ಮುನಿಯಕ್ಕನ ಕರುಳು ಚುರುಕ್ಕೆಂದಿತು, ಸುಳ್ಳೇಕೆ ಹೇಳಬೇಕು. ಒಂದು ಕೈ ತಳದ ಕೆಸರಿಗೂರಿ ಏಳಲೂ ಹೊರಟಳು. ಅಷ್ಟರಲ್ಲಿ ಮಗನ ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ ಮೀಸೆಯಡಿ ನಗುವುದು ಕಣ್ಣಿಗೆ ಬಿತ್ತು. ಮತ್ತೆ ಕೂತಳು.

“ಕರು ಕೂಗ್ತು ಅಂತ ಎದ್ ಬರಾಕೆ ನಾನೇನು ಎಮ್ಮೆ ಅಲ್ಲ ಕಣಯ್ಯಾ,” ಎಂದು ಮೇಸ್ತ್ರಿಗೆ ಹೇಳಿ, ಮಗನ ಕಡೆ ತಿರುಗಿದಳು. “ಲೋ ಬೈರಾ, ಅಲ್ಲೇನ್ಲಾ ನಿಂತಿದ್ದೀಯ? ಇಳಿ ನೀರಿಗೆ.”

ಬೈರಣ್ಣ ಖಾಕಿ ಅಂಗಿ ಕಳಚಿ ಮೇಸ್ತ್ರಿಯ ಕೈಗಿಟ್ಟು, ಕುಂಟೆಗೆ ಇಳಿದು ಅವ್ವನ ಪಕ್ಕದಲ್ಲಿ ಕೂತ.