ಹೀರೋನ ಪರ ದೇವಕಿಯ ವಕಾಲತ್ತು

ಈಶ್ವರಮಂಗಲದ ಯಜ್ಞೇಶ್ವರ ಭಟ್ಟರಿಗೆ ಹೆಂಡತಿಯ ಮೇಲೆ ಅನುಮಾನ ಬಂದದ್ದು ಮದುವೆಯಾಗಿ ಇಪ್ಪತ್ತೆಂಟು ವರ್ಷ ಕಳೆದ ಮೇಲೆ, ಅದೂ ಒಂದು ಹಿಂದಿ ಸಿನಿಮಾದ ದೆಸೆಯಿಂದ. ಕೇಳಿದವರು ನಗಬಹುದು. ಭಟ್ಟರಿಗೆ ಮಾತ್ರ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ಆದದ್ದು ಇಷ್ಟು. ಆದಿತ್ಯವಾರ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ, ಪುತ್ತೂರಿನ ಕಾಲೇಜಿಗೆ ಹೋಗುವ ಮಗಳು ಸಮನ್ವಿತಾ ಒಂದು ಹಳೇ ಪ್ರೇಮದ ಸಿನಿಮಾದ ಜನ್ಮ ಜಾಲಾಡುತ್ತಿದ್ದಳು. ಅದನ್ನು ಈಚೆಗೆ ಪುನಃ ಬಿಡುಗಡೆ ಮಾಡಿದ್ದರಂತೆ, ಮೊಬೈಲಿನಲ್ಲಿ ಎಲ್ಲರೂ ಅದಕ್ಕೆ ಉಗಿಯುವವರೇ ಅಂತೆ. ಹೀರೋ ಅನ್ನಿಸಿಕೊಂಡವನು ಹುಡುಗಿಯ ಬೆನ್ನು ಹಿಡಿದು ಹಾಸ್ಟೆಲಿನ ತನಕ ಹೋಗುತ್ತಾನೆ, ಸುಳ್ಳು ಹೇಳಿ ಅವಳ ನಿಶ್ಚಿತಾರ್ಥ ಮುರಿಯುತ್ತಾನೆ, ನಾಲ್ಕು ಜನರ ಎದುರು ಅವಳ ಅಪ್ಪನ ಮರ್ಯಾದೆ ತೆಗೆಯುತ್ತಾನೆ. ಇಂಥವನಿಗೆ ಇಷ್ಟು ವರ್ಷ ಚಪ್ಪಾಳೆ ಹೊಡೆದ ಜನಕ್ಕೆ ಬುದ್ಧಿ ಎಲ್ಲಿತ್ತು ಎಂದು ಅವಳ ಪ್ರಶ್ನೆ. ಭಟ್ಟರಿಗೆ ಸಿನಿಮಾದ ಗಂಧಗಾಳಿ ಇಲ್ಲ. ಆದರೂ ಮಗಳ ಮಾತಿಗೆ ತಲೆಯಾಡಿಸುತ್ತ ಸಾರು ಕಲಸುತ್ತಿದ್ದರು.

“ಅವ ಅಂಥವ ಅಲ್ಲ,” ಎಂದಳು ದೇವಕಿ.

ಬಡಿಸುವ ಸೌಟು ಕೈಯಲ್ಲೇ ಇತ್ತು. ಉಪ್ಪು ಹೆಚ್ಚಾಯಿತೆಂದು ಬೈದರೂ ಎದುರಾಡದ ಹೆಂಗಸು, ಅವತ್ತು ಮಗಳ ಎದುರು ನಿಂತು ವಕೀಲರ ಹಾಗೆ ವಾದಿಸಿದಳು. ಜನ ಬಾಯಿಗೆ ಬಂದಂತೆ ಮಾತಾಡುತ್ತಾರೆ. ಆ ಹುಡುಗ ಆ ಹುಡುಗಿಯ ಊರಿಗೆ ಬಂದು, ಅವಳು ಕಲಿಸುವ ಶಾಲೆಯ ಎದುರು ಚಾ ಅಂಗಡಿಯಲ್ಲಿ ದುಡಿಯುತ್ತಾನೆ, ಒಂದು ದಿನವೂ ಅವಳನ್ನು ಮಾತಾಡಿಸುವುದಿಲ್ಲ. ಅವಳ ಅಪ್ಪನ ಕಣ್ಣು ಮಂಜಾದಾಗ ದಿನಾ ಹೋಗಿ ಪೇಪರು ಓದಿ ಹೇಳುತ್ತಾನೆ. ಅಂಥವನನ್ನು ಪೋಕರಿ ಎನ್ನಲು ಜನಕ್ಕೆ ನಾಲಿಗೆ ಹೇಗೆ ಬರುತ್ತದೆ? ಹೇಳುತ್ತ ಹೇಳುತ್ತ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಮ್ಮಾ, ನೀನು ಅದನ್ನು ಯಾವಾಗ ನೋಡಿದ್ದು?” ಎಂದು ಮಗಳು ಬಾಯಿ ಬಿಟ್ಟು ಕೇಳಿದಳು.

“ತುಂಬ ಸಲ ನೋಡಿದ್ದೇನೆ,” ಎಂದ ದೇವಕಿ ಮಜ್ಜಿಗೆ ತರಲು ಒಳಗೆ ಹೋದವಳು ಬೇಗ ಹೊರಗೆ ಬರಲಿಲ್ಲ.

ಅನುಮಾನಂ ಪೆದ್ದ ರೋಗಂ ಎಂದು ಸುಮ್ಮನೆ ಹೇಳುತ್ತಾರೆಯೇ? ಆ ಹೊತ್ತಿನಿಂದ ಭಟ್ಟರ ತಲೆಯಲ್ಲಿ ಒಂದೇ ಹುಳ. ತಾನು ಅವಳನ್ನು ಒಂದು ಸಿನಿಮಾಕ್ಕೂ ಕರೆದುಕೊಂಡು ಹೋದವನಲ್ಲ. ಹಾಗಾದರೆ ತುಂಬ ಸಲ ನೋಡಿದ್ದು ಎಲ್ಲಿ? ಯಾರ ಜೊತೆ? ಒಂದು ಸಿನಿಮಾದ ಹುಡುಗನಿಗಾಗಿ ಯಾವ ಹೆಂಗಸಾದರೂ ಹೀಗೆ ಕಣ್ಣು ತುಂಬಿಕೊಳ್ಳುತ್ತಾಳೆಯೇ, ಅವನಲ್ಲಿ ಬೇರೆ ಯಾರೋ ಕಾಣದಿದ್ದರೆ?

ನೋಡಿದ್ದರೆ ಕಾಣಿಯೂರಿನ ತವರಿನಲ್ಲೇ ನೋಡಿರಬೇಕು. ಅವಳ ಅಣ್ಣ ಮುರಳಿಕೃಷ್ಣ ಗಲ್ಫಿನಿಂದ ಬರುವಾಗ ಟೀವಿ, ವಿಸಿಆರ್ ಎಲ್ಲ ತಂದಿದ್ದ. ಆ ಮನೆಯೊಳಗೆ ಏನು ನಡೆಯುತ್ತಿತ್ತೆಂದು ಭಟ್ಟರಿಗೆ ಗೊತ್ತಿಲ್ಲ. ಮದುವೆಯ ದಿನದಿಂದ ಮಾವನ ಮನೆಯೆಂದರೆ ಅವರಿಗೆ ಅಷ್ಟಕ್ಕಷ್ಟೆ. ಹೆಂಡತಿಯನ್ನು ರಸ್ತೆ ಬದಿಯಲ್ಲಿ ಇಳಿಸಿ, ತೋಟದ ಕೆಲಸದ ನೆಪ ಹೇಳಿ ತಿರುಗುವುದು ಅವರ ಪದ್ಧತಿ. ಮಾವ ತೀರಿಕೊಂಡಾಗ ಹೋಗಿ ಊಟ ಮುಗಿಸಿ ಬಂದದ್ದೇ ಕೊನೆ. ಆ ಮನೆಯ ಆಚೆಕಡೆ ಶ್ರೀಕೃಷ್ಣ ಎಂಬವನೊಬ್ಬ ಇದ್ದ. ಭಟ್ಟರ ಸಂಬಂಧ ಕೂಡಿಬರುವ ಮೊದಲು ದೇವಕಿಯನ್ನು ಅವನಿಗೆ ಕೊಡುವ ಮಾತಾಗಿತ್ತಂತೆ. ಇಷ್ಟು ವರ್ಷ ನೆನಪಿಗೇ ಬಾರದ ಆ ಹೆಸರು ಈಗ ತಾಂಬೂಲದಲ್ಲಿ ಸಿಕ್ಕಿದ ಕಲ್ಲಿನಂತೆ ಕಡಿಯತೊಡಗಿತು. ಅವನೂ ಪೇಪರು ಓದುವವನೇ, ಮೇಲಾಗಿ ಅವನೂ ಮಾತು ಕಡಿಮೆಯ ಮನುಷ್ಯ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ದೇವಕಿಯನ್ನೇ ಕೇಳಬಹುದಿತ್ತು. ಕೇಳಿದರೆ ತಾನು ಸಣ್ಣವನಾಗುತ್ತೇನೆಂಬ ಬಿಗುಮಾನ. ಮರುದಿನ ಬ್ಯಾಂಕಿನಲ್ಲಿ ಕೆಲಸವುಂಟೆಂದು ಸುಳ್ಳು ಹೇಳಿ ಪುತ್ತೂರಿಗೆ ಬಸ್ಸು ಹತ್ತಿದರು.

ಬಸ್‌ಸ್ಟ್ಯಾಂಡಿನ ಹತ್ತಿರ ಹಕೀಮನ ಮೊಬೈಲ್ ಅಂಗಡಿ. ಮೊದಲು ಅದು ಕ್ಯಾಸೆಟ್ ಬಾಡಿಗೆಗೆ ಕೊಡುವ ವಿಡಿಯೋ ಲೈಬ್ರರಿ. ಸುಳ್ಯ, ಕಡಬ ಕಡೆಯ ಮದುವೆಗಳಿಗೆಲ್ಲ ಕ್ಯಾಮೆರಾ ಹೊತ್ತು ಹೋಗುತ್ತಿದ್ದವನೂ ಅವನೇ. ಭಟ್ಟರ ಮದುವೆಗೂ ಬಂದಿದ್ದ. ಭಟ್ಟರು ಸಿನಿಮಾದ ಕತೆ ಹೇಳಿ, ಆ ಕ್ಯಾಸೆಟ್ಟನ್ನು ಕಾಣಿಯೂರಿನ ಮನೆಗೆ ಯಾರು ಒಯ್ಯುತ್ತಿದ್ದರೆಂದು ಆದಷ್ಟು ಸಲೀಸಾಗಿ ಕೇಳಿದರು.

ಹಕೀಮನ ಮುಖ ಬಾಡಿತು. ಗಿರಾಕಿಯೊಬ್ಬನನ್ನು ಬೇಗ ಸಾಗಹಾಕಿ, ಸ್ಟೂಲು ಎಳೆದು ಕೊಟ್ಟ.

“ಅಂತೂ ನಿಮಗೆ ಗೊತ್ತಾಯ್ತು ಅಲ್ಲವಾ ಭಟ್ರೆ,” ಎಂದ. “ದೇವಕಿಯಕ್ಕ ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ಲ. ಅವರನ್ನು ಎಂತದೂ ಹೇಳ್ಬೇಡಿ ಮಾರಾಯ್ರೆ, ತಪ್ಪು ನನ್ನದು.”

ಭಟ್ಟರ ಕಿವಿ ಬಿಸಿಯಾಯಿತು. ಶ್ರೀಕೃಷ್ಣನನ್ನು ಹುಡುಕಿ ಬಂದರೆ ಇಲ್ಲಿ ಬೇರೆಯೇ ಕೇಸು! ಸ್ಟೂಲಿನಿಂದ ಎದ್ದೇಬಿಟ್ಟರು. ಅಷ್ಟರಲ್ಲಿ ಹಕೀಮ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ. ಅವತ್ತು ಮದುವೆ ಸೀಸನ್ನು, ಹೊಸ ಕ್ಯಾಸೆಟ್ಟು ಎಲ್ಲೂ ಸಿಗಲಿಲ್ಲ. ಲೈಬ್ರರಿಯಲ್ಲಿದ್ದ ಆ ಸಿನಿಮಾದ ಕ್ಯಾಸೆಟ್ಟಿನ ಮೇಲೆಯೇ ಭಟ್ಟರ ಮದುವೆ ತುಂಬಿಸಿ ಕೊಟ್ಟ. ಮದುವೆ ಮುಗಿದದ್ದು ಕ್ಯಾಸೆಟ್ಟಿನ ಅರ್ಧಕ್ಕೆ. ಉಳಿದ ಅರ್ಧದಲ್ಲಿ ಸಿನಿಮಾ ಇದ್ದ ಹಾಗೇ ಉಳಿದುಬಿಟ್ಟಿತು. ಯಾರಾದರೂ ಜಗಳಕ್ಕೆ ಬಂದಾರೆಂದು ಅವನು ಕಾಯುತ್ತಲೇ ಇದ್ದನಂತೆ.

ಮುರಳಿಕೃಷ್ಣ ಹೋದ ವರ್ಷ ಅದನ್ನು ಪೆನ್‌ಡ್ರೈವಿಗೆ ಹಾಕಿಸಿದ್ದರಿಂದ ಹಕೀಮನ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಭಟ್ಟರಿಗೆ ನಗು ಬಂತು. ಎದೆಯ ಮೇಲಿನ ಭಾರ ಇಳಿದ ಖುಷಿಯಲ್ಲಿ, ಹಾಕು ನೋಡುವ ಎಂದರು. ಮಾವನ ಮನೆಯಲ್ಲೇ ಉಳಿದಿದ್ದ ತನ್ನ ಮದುವೆಯ ವಿಡಿಯೋವನ್ನು ಅವರು ಅವತ್ತಿನವರೆಗೆ ನೋಡಿರಲಿಲ್ಲ.

ದಿಬ್ಬಣದ ಬಸ್ಸು ಬಂತು. ಬಾಜಾಭಜಂತ್ರಿಯವರು ತಡವಾಗಿ, ದಿಬ್ಬಣ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಂತದ್ದು ಭಟ್ಟರಿಗೆ ನೆನಪಿತ್ತು. ಅನಂತರದ್ದು ನೆನಪಿರಲಿಲ್ಲ. ಮಾವ ಓಡೋಡಿ ಬಂದು ಬೆಲ್ಲ, ನೀರಿನ ತಟ್ಟೆ ಮುಂದೆ ಹಿಡಿದರು. ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ವೈರಿಯೂ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾನೆ. ಮದುಮಗ ಮುಖ ತಿರುಗಿಸಿದ. ಮಾವ ಆ ಬದಿಗೆ ಹೋಗಿ ತಟ್ಟೆ ಹಿಡಿದರು. ಮದುಮಗ ಈ ಬದಿಗೆ ತಿರುಗಿದ. ಹಕೀಮನ ಕ್ಯಾಮೆರಾ ಅಲ್ಲಿಂದ ಕದಲಲೇ ಇಲ್ಲ. ಮಾವ ತಲೆ ತಗ್ಗಿಸಿ ತಟ್ಟೆ ಹಿಡಿದುಕೊಂಡೇ ನಿಂತಿದ್ದರು. ಹಿನ್ನೆಲೆಯಲ್ಲಿ ಹಕೀಮ ಸೇರಿಸಿದ ಹಿಂದಿ ಹಾಡೊಂದು ಜೋರಾಗಿ ಕೇಳುತ್ತಿತ್ತು, ಮದುವೆ ವಿಡಿಯೋ ಎಂದಮೇಲೆ ಹಾಡು ಬೇಕಲ್ಲ.

“ಸಾಕು, ನಿಲ್ಸು,” ಎಂದರು ಭಟ್ಟರು.

ಮನೆಗೆ ಬಂದಾಗ ದೇವಕಿ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಮಗಳು ಕಾಲೇಜಿನಿಂದ ಇನ್ನೂ ಬಂದಿರಲಿಲ್ಲ. ಭಟ್ಟರು ಚಪ್ಪಲಿ ಕೂಡ ಬಿಡದೆ, ಹಕೀಮ ಎಲ್ಲ ಹೇಳಿದ ಎಂದರು. ಅವಳು ತಿರುಗಿ ನೋಡಿದಳು.

“ಆ ಸಿನಿಮಾದ ಮೊದಲಿನ ಅರ್ಧ ನೀನು ನೋಡಿಯೇ ಇಲ್ಲ.”

“ಇಲ್ಲ.”

“ಅವ ಮೊದಲು ಮಾಡಿದ್ದನ್ನು ಮಗಳು ಹೇಳಿದ್ಳಲ್ಲ. ಮತ್ತೆ ಒಳ್ಳೆಯವ ಅಂತ ಹೇಗೆ ವಾದ ಮಾಡುದು ನೀನು?”

“ಮಾಡಿರ್ಬಹುದು,” ಎಂದಳು ದೇವಕಿ, ಪಂಚೆಯೊಂದನ್ನು ಮಡಚುತ್ತ. “ಕಡೆಗೆ ಅವಳ ಅಪ್ಪನ ಎದುರು ನಿಂತು ತಪ್ಪಾಯ್ತು ಅಂತಾನೆ. ಅಪ್ಪ ಬದುಕಿರುವಾಗಲೇ ಹೋಗಿ ಹೇಳ್ತಾನೆ. ಅಂಥವನಿಗೆ ಬೈಲಿಕ್ಕೆ ನನಗೆ ಮನಸ್ಸು ಬರುದಿಲ್ಲ.”

ಭಟ್ಟರು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಿನ್ನೆಯಿಂದ ಕೊರೆಯುತ್ತಿದ್ದ ಪ್ರಶ್ನೆ ತನ್ನಿಂತಾನೇ ಬಾಯಿಗೆ ಬಂತು.

“ಯಾರ ಜೊತೆ ನೋಡ್ತಿದ್ದದ್ದು?”

“ಅಪ್ಪನ ಜೊತೆ,” ಎಂದಳು ದೇವಕಿ. “ಬೆಲ್ಲದ ತಟ್ಟೆ ಹಿಡಿಯುವ ಜಾಗ ಬಂದ್ರೆ ಅಪ್ಪನೇ ಎದ್ದು ಕ್ಯಾಸೆಟ್ಟನ್ನು ಮುಂದೆ ಓಡಿಸಿ ಬಿಡ್ತಿದ್ರು. ಮದುವೆ ಬೇಡ, ಸಿನಿಮಾದಿಂದ ನೋಡುವ ಅಂತಿದ್ರು. ಆ ಹುಡುಗ ತಪ್ಪಾಯ್ತು ಹೇಳ್ಲಿಕ್ಕೆ ಬರುವಾಗ ಮಾತ್ರ ಅಪ್ಪ ಟೀವಿ ನೋಡ್ತಿರ್ಲಿಲ್ಲ. ಹೊರಗೆ, ದಾರಿಯ ಕಡೆ ನೋಡ್ತಿದ್ರು.”