ಕಂಕುಳಲ್ಲಿ ಹೊಳೆದದ್ದು

2025ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ಘೋಡಬಂದರ್ ರಸ್ತೆಯ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಬಾಗಿಲು ಅರ್ಧ ತೆರೆಯಿತು. ಡಾಕ್ಟರ್ ಸರ್ವೋತ್ತಮ ಸ್ಟೀಲ್ ತಟ್ಟೆ ಹಿಡಿದು ಹೊರಬಂದರು. ಕೊಯ್ದು ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ಅಲ್ಲಿನ ರೂಢಿ.

"ಸಿದ್ದಲಿಂಗಪ್ಪನವರೇ, ನಿಮ್ಮ ಹೆಂಡತಿಯ ಎದೆಯ ಗಡ್ಡೆ ಪೂರ್ತಿ ಹೊರಗೆ ಬಂತು. ಆದರೆ ಕಂಕುಳಿನ ಒಂದು ಗ್ರಂಥಿ ಹೊಳೀತಾ ಉಂಟು. ಸ್ಕ್ಯಾನಲ್ಲಿ ಇದು ಕಾಣಲಿಲ್ಲ."

ಪಕ್ಕದ ಕೋಣೆಯ ದೀಪ ಆರಿಸಿ, ಪುಟ್ಟ ಕ್ಯಾಮೆರಾ ಹಿಡಿದರು. ಪರದೆಯ ಮೇಲೆ ಅವರೆಕಾಳಿನಷ್ಟು ಮಾಂಸದ ತುಣುಕು ಹಸಿರಾಗಿ ಮಿನುಗಿತು. ಹಿಂದಿನ ದಿನ ಹೆಂಡತಿ ನೀಲಗಂಗಾಳ ರಕ್ತಕ್ಕೆ ಬಿಟ್ಟಿದ್ದ ಅತಿಸೂಕ್ಷ್ಮ ಕಣಗಳು ಕ್ಯಾನ್ಸರ್ ಇದ್ದಲ್ಲಿ ಅಂಟಿ ಹೀಗೆ ಹೊಳೆಯುತ್ತವೆಂದು ಅವರು ಮೊದಲೇ ವಿವರಿಸಿದ್ದರು. ಇದಿನ್ನೂ ಪ್ರಯೋಗದ ಹಂತದ್ದು ಎಂಬುದನ್ನೂ ಮುಚ್ಚಿಟ್ಟಿರಲಿಲ್ಲ.

ಸಿದ್ದಲಿಂಗಪ್ಪ ಅಂಬರನಾಥದ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೂದಲು ನರೆಸಿಕೊಂಡವನು. ಬಣ್ಣ ಹೇಳಿದ್ದನ್ನು ಒಂದೇ ಸಲಕ್ಕೆ ನಂಬಿದವನಲ್ಲ.

"ಬಣ್ಣಕ್ಕ ನೀಯತ್ತಿಲ್ರಿ ಡಾಕ್ಟರ್ರ. ಎಲ್ಲಿ ಬೇಕಾದಲ್ಲಿ ಹತ್ತತದ. ಛಲೋ ಮಾಂಸದ ತುಣುಕೊಂದು ಬಾಜೂಕ ಇಟ್ಟು ತೋರಸ್ರಿ."

"ಪಪ್ಪಾ, ಬಸ್ ಕರೋ ನಾ! ಯೇ ತುಮ್ಹಾರೀ ಲ್ಯಾಬ್ ಹೈ ಕ್ಯಾ?" ಸಾಕು ಮಾಡಿ, ಇದೇನು ನಿಮ್ಮ ಲ್ಯಾಬೇ ಎಂದು ಮಗಳು ಶಿವಾನಿ ಹಿಂದಿಯಲ್ಲಿ ಸಿಡುಕಿದಳು.

ಡಾಕ್ಟರ್ ಬೇಸರಿಸದೆ ಗಡ್ಡೆಯ ಅಂಚಿನ ರೋಗವಿಲ್ಲದ ತುಣುಕೊಂದನ್ನು ಪಕ್ಕಕ್ಕಿಟ್ಟು ತೋರಿಸಿದರು. ಅದೂ ಹೊಳೆಯಿತು, ಮಂಕಾಗಿ.

"ನೋಡ್ರಿ ಮತ್ತ!"

"ಸ್ವಲ್ಪ ಎಲ್ಲ ಕಡೆ ಇರ್ತದೆ ಮಾರಾಯ್ರೆ. ಬರೀ ಹೊಳಪು ನೋಡಿ ನಾನು ಕತ್ತರಿ ಹಾಕುದಿಲ್ಲ. ಗ್ರಂಥಿಯ ಅರ್ಧ ಮೈಕ್ರೋಸ್ಕೋಪಿಗೆ ಹೋಗಿದೆ. ಕ್ಯಾನ್ಸರಿನ ಚುಕ್ಕೆ ಎರಡು ಮಿಲಿಮೀಟರ್ ದಾಟದಿದ್ರೆ ಇಷ್ಟಕ್ಕೇ ಹೊಲಿಗೆ ಹಾಕ್ತೇನೆ. ದಾಟಿದ್ರೆ ಕಂಕುಳಿನ ಗ್ರಂಥಿ ಎಲ್ಲ ತೆಗೀಬೇಕು. ಆಮೇಲೆ ಕೈಗೆ ಬಾವು ಬರಬಹುದು, ಜೀವಮಾನ ಇಡೀ. 'ನಮ್ಮವರನ್ನ ಕೇಳಿ ಮಾಡ್ರಿ' ಅಂದಿದ್ದಾರೆ ನಿಮ್ಮ ಹೆಂಡತಿ."

ನೀಲಗಂಗಾಳ ಬಲಗೈ. ಕಲ್ಯಾಣದ ಎಷ್ಟೋ ಕನ್ನಡ ಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಕೈ. ಹಿಂದಿನ ದಿನ ಸೂಜಿ ಚುಚ್ಚುವಾಗ ನೀಲಗಂಗಾ ನಕ್ಕಿದ್ದಳು: "ನಿಮ್ಮ ಅಂಗಿ ಒಗದು ಒಗದು ನನ್ನ ಮೈಯಾಗ ಬಣ್ಣ ಮೊದಲ ತುಂಬೇದ. ಮತ್ತ್ಯಾಕ ಚುಚ್ಚತಾರ?" ನರ್ಸ್ ಕೂಡ ನಕ್ಕಿದ್ದಳು. ಅವನಿಗೆ ನಗು ಬಂದಿರಲಿಲ್ಲ. ಆಗಿನಿಂದ ಬಣ್ಣ ಹತ್ತಿದ ತನ್ನ ಉಗುರುಗಳನ್ನೂ ಅವನು ಅನುಮಾನದಿಂದಲೇ ನೋಡುತ್ತಿದ್ದ.

"ಅಳತಿ ಎರಡು ಸಲ ಮಾಡಸ್ರಿ. ಬ್ಯಾರೆ ಬ್ಯಾರೆ ಮಂದಿ."

"ಮಾಡಿಸುವ."

"ದಾಟಿದ್ರ..." ಅವನು ಪರದೆಯ ಹಸಿರು ಚುಕ್ಕೆಯನ್ನು ಮತ್ತೊಮ್ಮೆ ನೋಡಿದ. "ದಾಟಿದ್ರ ತೆಗೀರಿ."

ಡಾಕ್ಟರ್ ಒಳಗೆ ಹೋದರು. ಶಿವಾನಿ ತಂದ ಚಹಾ ಅವನ ಕೈಯಲ್ಲೇ ಕೆನೆಗಟ್ಟಿತು. ನರ್ಸಿನ ಮೇಜಿನ ಫೋನ್ ರಿಂಗಾಯಿತು. ಅವಳು ಕೇಳಿಸಿಕೊಂಡು ಅವನ ಕಡೆ ತಿರುಗಿದಳು. ಮೈಕ್ರೋಸ್ಕೋಪಿನಲ್ಲಿ ಇಬ್ಬರು ಬೇರೆ ಬೇರೆಯಾಗಿ ಚುಕ್ಕೆ ಅಳೆದಿದ್ದರು. ಇಬ್ಬರದೂ ಒಂದೇ ಅಂಕಿ: 2.4 ಮಿಲಿಮೀಟರ್.